ವಿವೇಕದ ತಕ್ಕಡಿ: ಮಿರಜ ಸೀಮೆಯ ಸಂತರು ತೋರಿದ ದಾರಿ

ಭರತಖಂಡವು ಋಷಿಮುನಿಗಳ ನಾಡು. ಆದರೆ ಋಷಿ ಎಂದೊಡನೆ ಕಾಡು, ಗುಹೆ, ಜಟೆ, ಕಮಂಡಲುಗಳೇ ಕಣ್ಣಮುಂದೆ ಬರುತ್ತವೆ. ಬೆಳಗಾದರೆ ಅಂಗಡಿಯ ಬಾಗಿಲು ತೆರೆಯಬೇಕಾದವನಿಗೆ, ಹೊಲಕ್ಕೆ ಹೋಗಬೇಕಾದವನಿಗೆ, ಒಲೆ ಹೊತ್ತಿಸಬೇಕಾದವಳಿಗೆ ಆ ಜ್ಞಾನದಿಂದ ಏನು ಪ್ರಯೋಜನ? ಸಂಸಾರ ಬಿಟ್ಟವರಿಗಷ್ಟೇ ಮುಕ್ತಿಯೋ, ಸಂಸಾರದಲ್ಲಿದ್ದವರಿಗೂ ಉಂಟೋ? ಭಕ್ತರಲ್ಲಿ ಈ ಪ್ರಶ್ನೆ ಏಳುವುದು ಸಹಜ.

ಇದಕ್ಕೆ ಉತ್ತರ ಮಹಾಭಾರತದ ಶಾಂತಿಪರ್ವದಲ್ಲಿಯೇ ಇದೆ. ಜಾಜಲಿ ಎಂಬ ಋಷಿ ಅರಣ್ಯದಲ್ಲಿ ಕಂಬದಂತೆ ಅಲುಗಾಡದೆ ನಿಂತು ತಪಸ್ಸು ಮಾಡಿದನು. ಅವನ ಜಟೆಯಲ್ಲಿ ಹಕ್ಕಿಗಳು ಗೂಡು ಕಟ್ಟಿದವು, ಮೊಟ್ಟೆಯಿಟ್ಟವು, ಮರಿಗಳು ಬೆಳೆದು ಹಾರಿಹೋದವು. ಆಗ ಜಾಜಲಿಗೆ ತನಗೆ ಧರ್ಮ ಸಿದ್ಧಿಸಿತೆಂದು ಹೆಮ್ಮೆಯಾಯಿತು. ಕೂಡಲೇ ಆಕಾಶದಿಂದ ಒಂದು ವಾಣಿ ಕೇಳಿಸಿತು: ಧರ್ಮದಲ್ಲಿ ನೀನು ವಾರಾಣಸಿಯ ತುಲಾಧಾರನಿಗೆ ಸಮನಲ್ಲ ಎಂದು. ಜಾಜಲಿ ಹುಡುಕಿಕೊಂಡು ಬಂದು ನೋಡಿದರೆ ತುಲಾಧಾರನು ಒಬ್ಬ ವ್ಯಾಪಾರಿ! ಅಂಗಡಿಯಲ್ಲಿ ಕುಳಿತು ಬೇರು, ಸುಗಂಧದ್ರವ್ಯಗಳನ್ನು ತೂಗಿ ಮಾರುತ್ತಿದ್ದನು. ತನ್ನ ತಕ್ಕಡಿ ಎಲ್ಲ ಜೀವಿಗಳಿಗೂ ಒಂದೇ, ಯಾರ ಮೇಲೂ ದ್ವೇಷವಿಲ್ಲ, ಯಾರ ಮುಲಾಜೂ ಇಲ್ಲ ಎಂಬುದೇ ಅವನ ಉಪದೇಶದ ಸಾರ. ವರ್ಷಗಟ್ಟಲೆ ತಪಸ್ಸು ಮಾಡಿದವನು ಒಬ್ಬ ಅಂಗಡಿಕಾರನಿಂದ ಧರ್ಮ ಕಲಿತನು.

ಕಠೋಪನಿಷತ್ತಿನ ನಚಿಕೇತನ ಮುಂದೆಯೂ ಇಂಥದೇ ತೂಕದ ಪ್ರಸಂಗ ಬಂದಿತ್ತು. ಯಮಧರ್ಮನು ಬಂಗಾರ, ಆನೆ, ರಾಜ್ಯ, ದೀರ್ಘಾಯುಷ್ಯ ಎಲ್ಲವನ್ನೂ ಕೊಡುವೆನೆಂದರೂ ಆ ಬಾಲಕನು ಒಪ್ಪದೆ ಆತ್ಮಜ್ಞಾನವನ್ನೇ ಬೇಡಿದನು. ಆಗ ಯಮನು ಮನುಷ್ಯನ ಎದುರಿಗೆ ಶ್ರೇಯಸ್ಸು, ಪ್ರೇಯಸ್ಸು ಎರಡೂ ಬಂದು ನಿಲ್ಲುತ್ತವೆಂದು ತಿಳಿಸಿದನು. ಹಿತವಾದದ್ದು ಶ್ರೇಯಸ್ಸು, ಆ ಕ್ಷಣಕ್ಕೆ ಸುಖವೆನಿಸುವುದು ಪ್ರೇಯಸ್ಸು. ಇವೆರಡನ್ನು ಬೇರ್ಪಡಿಸಿ ನೋಡುವ ಬುದ್ಧಿಗೇ ವಿವೇಕವೆಂದು ಹೆಸರು.

ಈ ವಿವೇಕದ ಮಾತು ಪುರಾಣಕಾಲಕ್ಕೆ ಮುಗಿದುಹೋಗಲಿಲ್ಲ. ಕೃಷ್ಣೆಯ ತೀರದ ಮಿರಜ, ಸಾಂಗಲಿ ಸೀಮೆಯಲ್ಲಿ ಅದು ಶತಮಾನಗಳಿಂದ ಹರಿದುಬಂದಿದೆ. ಮಿರಜ ಊರಿನಲ್ಲಿಯೇ ವೇಣಾಸ್ವಾಮಿ ಮಠವಿದೆ. 17ನೆಯ ಶತಮಾನದಲ್ಲಿದ್ದ ವೇಣಾಬಾಯಿಯವರು ಬಾಲ್ಯದಲ್ಲಿಯೇ ವಿಧವೆಯಾದವರು. ಅವರು ಭಾಗವತ ಓದುತ್ತ ಕುಳಿತಿದ್ದಾಗ ಭಿಕ್ಷೆಗೆ ಬಂದ ಸಮರ್ಥ ರಾಮದಾಸರು, ಓದಿದ್ದು ತಿಳಿಯುತ್ತದೆಯೇ ಎಂದು ಕೇಳಿದರಂತೆ. ವೇಣಾಬಾಯಿಯವರು ಸಂಕೋಚಪಡದೆ ತಮ್ಮ ಸಂಶಯಗಳನ್ನೆಲ್ಲ ಮುಂದಿಟ್ಟರೆಂದು ಪ್ರತೀತಿ. ವಿಧವೆ ಮೂಲೆ ಸೇರಿ ಬಾಳಬೇಕಾಗಿದ್ದ ಆ ಕಾಲದಲ್ಲಿ ಅವರು ಜನನಿಂದೆಯನ್ನು ಸಹಿಸಿ ಗುರುಮಾರ್ಗ ಹಿಡಿದರು, ಸಭೆಯಲ್ಲಿ ನಿಂತು ಕೀರ್ತನೆ ಮಾಡಿದರು, ‘ಸೀತಾಸ್ವಯಂವರ’ವೆಂಬ ಮರಾಠಿ ಕಾವ್ಯ ರಚಿಸಿದರು. ಸಮರ್ಥರು ಮಿರಜದ ಮಠವನ್ನು ಅವರಿಗೇ ಒಪ್ಪಿಸಿದರು. ತಿಳಿಯದ್ದನ್ನು ತಿಳಿಯದೆಂದು ಒಪ್ಪಿ ಪ್ರಶ್ನೆ ಕೇಳುವುದೇ ವಿವೇಕದ ಮೊದಲ ಮೆಟ್ಟಿಲೆಂಬುದಕ್ಕೆ ಈ ತಾಯಿಯ ಜೀವನವೇ ಸಾಕ್ಷಿ.

ಸಮರ್ಥರ ‘ದಾಸಬೋಧ’ದಲ್ಲಿ 20 ದಶಕಗಳೂ 200 ಸಮಾಸಗಳೂ ಇವೆ. ಪ್ರಪಂಚವನ್ನು ಜಾಗ್ರತೆಯಿಂದ ನಡೆಸುತ್ತ ಪರಮಾರ್ಥ ಸಾಧಿಸಬೇಕೆಂದು ಹೇಳುವ ಈ ಗ್ರಂಥದಲ್ಲಿ ವಿವೇಕದ ಮಾತು ಮತ್ತೆ ಮತ್ತೆ ಬರುತ್ತದೆ. ಈ ಮರಾಠಿ ಗ್ರಂಥವನ್ನು ಕನ್ನಡ ಮಾತಾಡುವ ಹಳ್ಳಿಗಳವರೆಗೆ ಒಯ್ದವರಲ್ಲಿ ಇಂಚಗೇರಿ ಸಂಪ್ರದಾಯದ ಮಹಾತ್ಮರು ಮುಖ್ಯರು.

ಈ ಸಂಪ್ರದಾಯದ ಮೂಲಪುರುಷರು 1789ರಲ್ಲಿ ಜನಿಸಿದ ನಿಂಬರಗಿ ಮಹಾರಾಜರು. ಅವರು ಲಿಂಗಾಯತ ನೀಲವಾಣಿ ಮನೆತನದ ಗೃಹಸ್ಥರು. ಪಂಢರಪುರದಲ್ಲಾದ ಪ್ರೇರಣೆಯಂತೆ ಕೊಲ್ಹಾಪುರದ ಸಮೀಪದ ಸಿದ್ಧಗಿರಿಗೆ ಹೋಗಿ ಅಲ್ಲಿಯ ಮುನಿಗಳಿಂದ ನಾಮೋಪದೇಶ ಪಡೆದರು. ಆದರೆ ಸಂಸಾರದ ಗಡಿಬಿಡಿಯಲ್ಲಿ ಕೆಲವು ವರ್ಷ ಆ ನಾಮವನ್ನು ಮರೆತೇಬಿಟ್ಟರೆಂದೂ, ಮತ್ತೆ ಹೋದಾಗ ಗುರುಗಳು ಎಚ್ಚರಿಸಿದರೆಂದೂ, ಅಂದಿನಿಂದ ಬಿಡದೆ ಸಾಧನೆ ಮಾಡಿದರೆಂದೂ ಸಂಪ್ರದಾಯದವರು ಹೇಳುತ್ತಾರೆ. ಮಹಾತ್ಮರಿಗೂ ಮರೆವು ಬಂದಿತ್ತು ಎಂಬುದು ಸಾಮಾನ್ಯ ಭಕ್ತರಿಗೆ ಎಷ್ಟು ದೊಡ್ಡ ಧೈರ್ಯ! ಅವರ ಉಪದೇಶಗಳು ‘ಬೋಧಸುಧೆ’ ಎಂಬ ಕನ್ನಡ ಗ್ರಂಥದಲ್ಲಿ ಉಳಿದಿವೆ.

ಅವರ ಶಿಷ್ಯರೇ ಉಮದಿಯ ಭಾವುಸಾಹೇಬ ಮಹಾರಾಜರು (1843-1914). ಇಂದಿನ ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನ ಉಮದಿ ಕನ್ನಡ ಮಾತಿನ ಊರು. ವೆಂಕಟೇಶ ಖಂಡೇರಾವ್ ದೇಶಪಾಂಡೆ ಎಂಬುದು ಅವರ ಪೂರ್ವನಾಮ. ಮಡಿ, ಮೈಲಿಗೆಗಳ ಕಟ್ಟು ಬಿಗಿಯಾಗಿದ್ದ ಆ ದಿನಗಳಲ್ಲಿ ಬ್ರಾಹ್ಮಣ ದೇಶಪಾಂಡೆಯವರು ಲಿಂಗಾಯತ ಗುರುವಿನ ಪಾದಕ್ಕೆ ಎರಗಿದರು. ಜಾತಿ ದೊಡ್ಡದೋ ಜ್ಞಾನ ದೊಡ್ಡದೋ ಎಂದು ತೂಗಿ ನೋಡಿದ ವಿವೇಕವಿದು. ವಿಜಾಪುರ ಜಿಲ್ಲೆಯ ಇಂಚಗೇರಿಯಲ್ಲಿ ಮಠ ಕಟ್ಟಿ, ನಾಮಧ್ಯಾನ, ಭಜನೆ, ದಾಸಬೋಧ ಪಠಣಗಳ ನಿತ್ಯಕ್ರಮ ಹಾಕಿಕೊಟ್ಟು, ಒಕ್ಕಲಿಗರನ್ನೂ ನೌಕರದಾರರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿದರು. ಶಿಷ್ಯರು ಮನೆಮಠ ಬಿಡಬೇಕೆಂದು ಅವರು ಹೇಳಲಿಲ್ಲ.

ಅವರಿಂದ 1901ರಲ್ಲಿ ನಾಮ ಪಡೆದ ವಿದ್ಯಾರ್ಥಿಯೇ ಮುಂದೆ ಗುರುದೇವ ರಾನಡೆಯವರಾದರು. 1886ರಲ್ಲಿ ಜಮಖಂಡಿಯಲ್ಲಿ ಜನಿಸಿದ ರಾಮಚಂದ್ರ ದತ್ತಾತ್ರೇಯ ರಾನಡೆಯವರು ಯೌವನದಲ್ಲಿ ಕಠಿಣ ಕಾಯಿಲೆಗೆ ತುತ್ತಾದರೂ ಸಾಧನೆಯನ್ನಾಗಲಿ ಅಧ್ಯಯನವನ್ನಾಗಲಿ ಬಿಡಲಿಲ್ಲ. ಸಾಂಗಲಿ ಮತ್ತು ಮಿರಜದ ನಡುವೆ 1919ರಲ್ಲಿ ಆರಂಭವಾದ ವಿಲಿಂಗ್ಡನ್ ಕಾಲೇಜಿನಲ್ಲಿ ಕೆಲಕಾಲ ಅಧ್ಯಾಪಕರಾಗಿದ್ದರು. ಉಪನಿಷತ್ತುಗಳ ತತ್ತ್ವವನ್ನು ಕುರಿತ ಅವರ ಇಂಗ್ಲಿಷ್ ಗ್ರಂಥ 1926ರಲ್ಲಿ ಪುಣೆಯಲ್ಲಿ ಪ್ರಕಟವಾಯಿತು. ವರಕವಿ ಬೇಂದ್ರೆಯವರು ಅದನ್ನು ‘ಉಪನಿಷದ್ರಹಸ್ಯ’ವೆಂದು ಕನ್ನಡಕ್ಕೆ ತಂದರು. ಅಲಹಾಬಾದ ವಿಶ್ವವಿದ್ಯಾಲಯದಲ್ಲಿ ಕುಲಪತಿ ಪದವಿಯವರೆಗೆ ಏರಿದ ರಾನಡೆಯವರು ನಿವೃತ್ತರಾದ ಮೇಲೆ ನೆಲೆನಿಂತದ್ದು ವಿಜಾಪುರ ಸೀಮೆಯ ನಿಂಬಾಳದಂಥ ಸಣ್ಣ ಊರಿನಲ್ಲಿ. 1957ರಲ್ಲಿ ಅಲ್ಲಿಯೇ ದೇಹವಿಟ್ಟರು.

ಭಾವುಸಾಹೇಬರ ಇನ್ನೊಬ್ಬ ಶಿಷ್ಯರು ಸೊಲ್ಲಾಪುರ ಜಿಲ್ಲೆಯ ಪಾತ್ರಿಯಲ್ಲಿ 1888ರಲ್ಲಿ ಜನಿಸಿದ ಸಿದ್ಧರಾಮೇಶ್ವರ ಮಹಾರಾಜರು. ವಿಜಾಪುರದ ಮಾರವಾಡಿ ಪೇಢಿಯೊಂದರಲ್ಲಿ ನೌಕರಿ ಮಾಡುತ್ತಿದ್ದಾಗ ಅವರಿಗೆ ಗುರುದರ್ಶನವಾಯಿತು. ಗುರುಗಳ ನಿರ್ಯಾಣದ ನಂತರ ಅವರಲ್ಲೊಂದು ಪ್ರಶ್ನೆ ಮೂಡಿತು: ಧ್ಯಾನದ ಆಚೆ ಏನಿದೆ? ಗುರುಗಳು ಹೇಳಿಕೊಟ್ಟಷ್ಟು ಸಾಕಲ್ಲವೇ ಎಂದು ಗುರುಬಂಧುಗಳು ಆಕ್ಷೇಪಿಸಿದರು. ಆದರೂ ಅವರು ವಿಚಾರವನ್ನು ನಿಲ್ಲಿಸಲಿಲ್ಲ. ಇರುವೆ ಮರದ ಬುಡದಿಂದ ಮೆಲ್ಲಮೆಲ್ಲನೆ ಏರಿ ಹಣ್ಣನ್ನು ಮುಟ್ಟುವಂತೆ ಧ್ಯಾನಮಾರ್ಗ. ಅದು ಪಿಪೀಲಿಕಾ ಮಾರ್ಗ. ಹಕ್ಕಿ ಹಾರಿಹೋಗಿ ಹಣ್ಣಿನ ಮೇಲೆಯೇ ಕೂರುವಂತೆ ಶ್ರವಣ, ಮನನ, ವಿವೇಕಗಳ ಮಾರ್ಗ. ಅದು ವಿಹಂಗಮ ಮಾರ್ಗ. ಈ ಎರಡನೆಯದನ್ನೇ ಅವರು 1936ರಲ್ಲಿ ದೇಹ ಬಿಡುವವರೆಗೆ ಬೋಧಿಸಿದರು. ಒಂದೇ ಗುರುವಿನ ಮಕ್ಕಳಲ್ಲಿ ದಾರಿ ಎರಡಾದರೂ ಹಣ್ಣು ಒಂದೇ.

ಸಿದ್ಧರಾಮೇಶ್ವರರಿಂದ 1933ರಲ್ಲಿ ಉಪದೇಶ ಪಡೆದ ಮಾರುತಿ ಕಾಂಬಳಿ ಎಂಬವರು ಮುಂಬಯಿಯಲ್ಲಿ ಬೀಡಿ ಅಂಗಡಿ ಇಟ್ಟವರು. ಗುರುಗಳು ತೀರಿಕೊಂಡ ಮೇಲೆ ವೈರಾಗ್ಯ ಬಂದು, 1937ರಲ್ಲಿ ಮನೆ, ವ್ಯಾಪಾರ ಬಿಟ್ಟು ದೇಶಸಂಚಾರಕ್ಕೆ ಹೊರಟರು. ಆದರೆ ನಿಜವಾದ ವೈರಾಗ್ಯಕ್ಕೆ ಮನೆ ಬಿಡಬೇಕಾಗಿಲ್ಲವೆಂದು ಮನವರಿಕೆಯಾಗಿ ಮರುವರ್ಷ ಹಿಂತಿರುಗಿದರು. ಇದ್ದ ಅಂಗಡಿಗಳಲ್ಲಿ ಉಳಿದಿದ್ದದ್ದು ಒಂದೇ. ಅದರಲ್ಲಿಯೇ ಸಂಸಾರ ತೂಗಿಸಿದರು. ಅವರೇ 1981ರವರೆಗೆ ಬಾಳಿದ ನಿಸರ್ಗದತ್ತ ಮಹಾರಾಜರು. ಅವರ ಸಂವಾದಗಳು 1973ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾದ ಮೇಲೆ ಪರದೇಶದವರೂ ಅವರ ಮನೆಯ ಚಿಕ್ಕ ಅಟ್ಟದ ಕೋಣೆಯನ್ನು ಹುಡುಕಿಕೊಂಡು ಬರತೊಡಗಿದರು.

ಆ ಸಂವಾದಗಳನ್ನು ಇಂಗ್ಲಿಷಿಗೆ ತಂದ ಮಾರಿಸ್ ಫ್ರೀಡ್‌ಮನ್ ಅವರ ನಂಟು ಸಾಂಗಲಿ ಸೀಮೆಗೂ ಉಂಟು. ಪೋಲೆಂಡಿನವರಾದ ಈ ಇಂಜಿನಿಯರರು ಬೆಂಗಳೂರಿನ ಸರಕಾರಿ ವಿದ್ಯುತ್ ಕಾರ್ಖಾನೆಯಲ್ಲಿ ಕೆಲಸ ಮಾಡಿ, ನಂತರ ಔಂಧ ಸಂಸ್ಥಾನಕ್ಕೆ ಬಂದರು. ಅಲ್ಲಿಯ ಅರಸರು 1939ರಲ್ಲಿ ಅಧಿಕಾರವನ್ನು ಪ್ರಜೆಗಳಿಗೇ ಒಪ್ಪಿಸಿದಾಗ ಅವರು ನೆರವಾದರು. ಅದೇ ಕಾಲದಲ್ಲಿ ಔಂಧಕ್ಕೆ ಸೇರಿದ್ದ, ಇಂದು ಸಾಂಗಲಿ ಜಿಲ್ಲೆಯಲ್ಲಿರುವ ಆಟಪಾಡಿಯ ಬಳಿ ಸ್ವತಂತ್ರಪುರವೆಂಬ ಬಯಲು ಬಂದೀಖಾನೆ ಹುಟ್ಟಿತು. ಕೈದಿಗಳು ಗೋಡೆ, ಬೇಡಿಗಳಿಲ್ಲದೆ ಹೊಲ ಮಾಡಿಕೊಂಡಿರಬೇಕು. ಓಡಿಹೋಗಲು ದಾರಿ ತೆರೆದೇ ಇದೆ, ಇರುವುದು ಹೋಗುವುದು ಅವರವರ ಮನಸ್ಸಿಗೆ ಬಿಟ್ಟದ್ದು! 1957ರಲ್ಲಿ ಶಾಂತಾರಾಮರು ತೆಗೆದ ‘ದೋ ಆಂಖೇಂ ಬಾರಹ ಹಾಥ್’ ಚಿತ್ರಕ್ಕೆ ಈ ಪ್ರಯೋಗವೇ ಸ್ಫೂರ್ತಿ. ಕಾಯುವ ಗೋಡೆಯಿಲ್ಲದ ಕಡೆ ಕಾಯಬೇಕಾದದ್ದು ವಿವೇಕ. ಹಾಗೆ ತನ್ನನ್ನು ತಾನು ಕಾಯಬಲ್ಲವನೇ ಸ್ವತಂತ್ರನು.

ಹೀಗೆ ಮಿರಜದ ವಿಧವೆ, ಉಮದಿಯ ದೇಶಪಾಂಡೆ, ಜಮಖಂಡಿಯ ಪ್ರೊಫೆಸರ, ಮುಂಬಯಿಯ ಬೀಡಿ ಅಂಗಡಿಕಾರ ಎಲ್ಲರೂ ಇದ್ದ ಸ್ಥಳದಲ್ಲಿಯೇ ತಕ್ಕಡಿ ಹಿಡಿದರು. ಕನ್ನಡ ಮರಾಠಿಗಳ ಭೇದವನ್ನೂ ಕುಲದ ಭೇದವನ್ನೂ ಆ ತಕ್ಕಡಿ ಎಣಿಸಲಿಲ್ಲ. ಗಿರಾಕಿ ಮರೆತುಹೋದ ಹಣ ಕೈಗೆ ಸಿಕ್ಕಾಗ, ಸಿಟ್ಟು ನಾಲಿಗೆಯ ತುದಿಗೆ ಬಂದಾಗ, ಅಣ್ಣತಮ್ಮಂದಿರು ಪಾಲಿಗೆ ಕುಳಿತಾಗ ಶ್ರೇಯಸ್ಸು, ಪ್ರೇಯಸ್ಸು ಎರಡೂ ಇಂದಿಗೂ ಎದುರಿಗೆ ಬಂದು ನಿಲ್ಲುತ್ತವೆ. ಆ ಒಂದು ಕ್ಷಣ ತಡೆದು ತೂಗಿ ನೋಡಿದವನಿಗೆ ನಚಿಕೇತನ ಪಾಲಿನದು ಅಷ್ಟಿಷ್ಟಾದರೂ ದಕ್ಕುತ್ತದೆ. ಮರೆತರೆ ನಿಂಬರಗಿ ಮಹಾರಾಜರಂತೆ ಮತ್ತೆ ಗುರುಪಾದಕ್ಕೆ ಹೋಗಬಹುದು.

ಉತ್ಸವದಲ್ಲಿ ದೇವರ ಪಲ್ಲಕ್ಕಿಗೆ ಹೆಗಲು ಕೊಡುವ ಭಕ್ತರೆಲ್ಲರಿಗೂ, ಮನೆಗೆ ಮರಳಿದ ಮೇಲೂ ಆ ವಿವೇಕವು ಜಾಗೃತವಾಗಿರುವಂತೆ ಭಗವಂತನು ಕೃಪೆ ಮಾಡಲಿ. ಶುಭಮಸ್ತು.