ಎರೆಯ ನಾಡಿನಲ್ಲಿ ಸಸ್ಯರಕ್ಷಣೆ: ಒಂದು ಚಾರಿತ್ರಿಕ ವಿವೇಚನೆ

ಉತ್ತರದಲ್ಲಿ ಭೀಮೆ, ದಕ್ಷಿಣದಲ್ಲಿ ಕೃಷ್ಣೆ, ನಡುವೆ ಡೋಣಿ, ಹೀಗೆ ಮೂರು ಹೊಳೆಗಳ ಮಗ್ಗುಲಲ್ಲಿದ್ದೂ ಮುಗಿಲನ್ನೇ ನಂಬಿ ಬದುಕಿದ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಂಬ ನಾಲ್ಕು ತಾಲ್ಲೂಕುಗಳ ಒಕ್ಕಲುತನದ ಚರಿತ್ರೆಯು ಬಹುಮಟ್ಟಿಗೆ ಬರಗಾಲದ ಚರಿತ್ರೆಯಾಗಿಯೇ ಬರೆಯಲ್ಪಟ್ಟಿದೆ. (ತಾಳಿಕೋಟೆ, ದೇವರ ಹಿಪ್ಪರಗಿ, ನಿಡಗುಂದಿ, ಚಡಚಣಗಳು ಈಚೆಗೆ ಬೇರೆ ತಾಲ್ಲೂಕುಗಳಾಗಿದ್ದರೂ ವಿವೇಚನೆಯ ಸೌಕರ್ಯಕ್ಕಾಗಿ ಹಳೆಯ ಎಲ್ಲೆಗಳನ್ನೇ ಇಲ್ಲಿ ಇಟ್ಟುಕೊಂಡಿದೆ.) 1876-78ರ ಕ್ಷಾಮದಂತಹ ಮಹಾವಿಪತ್ತನ್ನು ಕಂಡ ಸೀಮೆಯ ವಿಷಯದಲ್ಲಿ ಇದು ಅಸಹಜವೇನೂ ಅಲ್ಲ. ಆದರೆ ಮಳೆ ಸಾಕಷ್ಟು ಸುರಿದು, ಪೈರು ಎದೆಯುದ್ದ ಬೆಳೆದು, ಕಣಕ್ಕೆ ಮಾತ್ರ ಕಾಳು ಬಾರದೆ ಹೋದ ವರ್ಷಗಳೂ ಉಂಟು. ಅವುಗಳ ವೃತ್ತಾಂತವು ಅಲ್ಲೊಂದು ಇಲ್ಲೊಂದು ದಾಖಲೆಯಲ್ಲಿ ಚದುರಿ ಬಿದ್ದಿದೆ. ಅದನ್ನು ಕೂಡಿಸಿ ನೋಡಿದಾಗ ಒಂದು ಸಂಗತಿ ಸ್ಪಷ್ಟವಾಗುತ್ತದೆ: ಈ ಸೀಮೆಯಲ್ಲಿ ಪೈರನ್ನು ಕಾಯುವುದು ಎಂದಿಗೂ ಒಬ್ಬ ಒಕ್ಕಲಿಗನ ಒಂದು ಹೊಲದ ಕೆಲಸವಾಗಿರಲಿಲ್ಲ, ಅದು ಕಾಲದ ಎಣಿಕೆಗೂ ಊರಿನ ಒಗ್ಗಟ್ಟಿಗೂ ಸೇರಿದ ಕಾರ್ಯವಾಗಿತ್ತು.

ಇಲ್ಲಿನ ಎರೆ ಭೂಮಿಯ ಸ್ವಭಾವವೇ ಇದಕ್ಕೆ ಮೂಲ. ಮುಂಗಾರು ಮಳೆಯ ತೇವವನ್ನು ಆಳದವರೆಗೆ ಹೀರಿ ಹಿಡಿದಿಟ್ಟುಕೊಳ್ಳುವ ಈ ಕರಿಮಣ್ಣಿನಲ್ಲಿ ಹಿಂಗಾರಿ ಬಿಳಿಜೋಳವನ್ನು ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಕೂರಿಗೆಯಿಂದ ಬಿತ್ತಿ, ಅದೇ ಹಸಿಯ ಬಲದಿಂದ ಮಾಗಿಯನ್ನು ದಾಟಿಸಿ, ಬೇಸಿಗೆಯ ಹೊಸ್ತಿಲಿನಲ್ಲಿ ಕೊಯ್ಯುವುದು ರೂಢಿ. ಮೊಳಕೆಯನ್ನು ಹುಳು ತಿಂದರೆ ಮತ್ತೆ ಬಿತ್ತಲು ಹಸಿ ಇರುವುದಿಲ್ಲ. ತೆನೆಯನ್ನು ರೋಗ ಕೆಡಿಸಿದರೆ ಇನ್ನೊಂದು ಬೆಳೆಗೆ ಕಾಲವಿರುವುದಿಲ್ಲ. ಪೈರೇ ಮೇಲೇಳದಿದ್ದರೆ ಮನೆಯವರ ರೊಟ್ಟಿಯೊಡನೆ ಎತ್ತುಗಳ ಕಣಿಕೆಯೂ ಹೋಗಿ, ಎತ್ತು ಮಾರಿದವನಿಗೆ ಮರುವರ್ಷದ ಕುಂಟೆ-ಕೂರಿಗೆಯೂ ಇಲ್ಲವಾಗುತ್ತದೆ. ನೀರಾವರಿಯ ನಾಡಿನಲ್ಲಿ ಪೀಡೆಯೆಂಬುದು ಆದಾಯದ ಒಂದು ಪಾಲನ್ನು ಕಸಿಯುವಂಥದು. ಇಲ್ಲಿ ಅದು ಇಡೀ ವರ್ಷವನ್ನೇ ಕಸಿಯುವಂಥದು.

ಪ್ರಾಚೀನ ಗ್ರಂಥಗಳಲ್ಲಿ ಈ ವಿಷಯವಾಗಿ ಏನಿದೆಯೆಂದು ಕೇಳುವವರಿಗೆ ಉತ್ತರ ತುಸು ನಿರಾಶಾದಾಯಕವಾಗಿದೆ. ಇಂಡಿಯ ಆಸುಪಾಸಿನ ನೆಲವನ್ನೊಳಗೊಂಡ ತರ್ದವಾಡಿ ಸಾಸಿರವು ಕಲ್ಯಾಣದ ಚಾಲುಕ್ಯರ ಆಳ್ವಿಕೆಗೆ ಒಳಪಟ್ಟಿದ್ದ ಕಾಲದಲ್ಲಿಯೇ, ಜಯಸಿಂಹನ ಆಶ್ರಯದಲ್ಲಿದ್ದ ಚಾವುಂಡರಾಯನು ಸುಮಾರು 1025ರಲ್ಲಿ ‘ಲೋಕೋಪಕಾರ’ವನ್ನು ರಚಿಸಿ ಅದರಲ್ಲಿ ವೃಕ್ಷಾಯುರ್ವೇದಕ್ಕೂ ಎಡೆಗೊಟ್ಟನು. ಅದಕ್ಕೂ ಹಿಂದೆ ವರಾಹಮಿಹಿರನು ‘ಬೃಹತ್ಸಂಹಿತೆ’ಯಲ್ಲಿ ರೋಗಗ್ರಸ್ತ ಭಾಗವನ್ನು ಕತ್ತರಿಸಿ ವಿಡಂಗ, ತುಪ್ಪ, ಕೆಸರುಗಳ ಲೇಪವನ್ನು ಹಚ್ಚಿ ಹಾಲು ಬೆರೆಸಿದ ನೀರೆರೆಯಬೇಕೆಂದು ವಿಧಿಸಿದ್ದನು. ಇವು ಉದ್ಯಾನದ ಮರಗಳಿಗೆ ಹೇಳಿದ ಚಿಕಿತ್ಸೆಗಳು. ಒಂದು ಕೂರಿಗೆ ಜೋಳದ ಹೊಲಕ್ಕೆ ತುಪ್ಪದ ಲೇಪವೆಂದರೆ ಯಾವ ರಾಯನಿಗೂ ಸಾಧ್ಯವಾಗದ ಮಾತು. ವೃಕ್ಷಾಯುರ್ವೇದವನ್ನು ಇಂದಿನ ಹೊಲಗಳಿಗೆ ಅನಾಯಾಸವಾಗಿ ಅನ್ವಯಿಸಹೊರಡುವ ಉತ್ಸಾಹಿಗಳು ಈ ಅಂತರವನ್ನು ಗಮನಿಸುವುದೊಳ್ಳೆಯದು.

ಹೊಲದ ಪೀಡೆಯನ್ನು ಕಣ್ಣಾರೆ ಕಂಡು ಬರೆದ ಬೆಲೆಯುಳ್ಳ ಸಾಕ್ಷ್ಯವೊಂದು ದೊರೆಯುವುದು ಹತ್ತೊಂಬತ್ತನೆಯ ಶತಮಾನದಲ್ಲಿ, ಅದೂ ಇಲಿಯ ವಿಷಯವಾಗಿ. ದಕ್ಷಿಣ ಮರಾಠಾ ಸೀಮೆಯೆಂದು ಆಗ ಕರೆಯಲಾಗುತ್ತಿದ್ದ ಈ ಕನ್ನಡ ಭಾಗದಲ್ಲಿ ಅಧಿಕಾರಿಯಾಗಿದ್ದು ಪ್ರಾಣಿಶಾಸ್ತ್ರದಲ್ಲಿ ಆಸಕ್ತನಾಗಿದ್ದ ವಾಲ್ಟರ್ ಎಲಿಯಟ್ಟನು, 1839ರಲ್ಲಿ ಪ್ರಕಟಿಸಿದ ಸಸ್ತನಿಗಳ ಪಟ್ಟಿಯಲ್ಲಿ, ಎರೆಯ ಬಿರುಕುಗಳಲ್ಲಿ ವಾಸಿಸುವ ಮೆಟ್ಟಾಡ ಎಂಬ ಹೊಲದ ಇಲಿಯನ್ನು ವರ್ಣಿಸಿದ್ದಾನೆ. ಅವನು ಕೊಟ್ಟ ವಿವರಣೆ ಸರಳವೂ ಸೂಕ್ಷ್ಮವೂ ಆಗಿದೆ. ಬೇಸಿಗೆಯಲ್ಲಿ ಎರೆ ನೆಲವು ಬಾಯಿಬಿಟ್ಟಾಗ ಆ ಬಿರುಕುಗಳೇ ಇಲಿಗಳಿಗೆ ಮನೆ. ಮುಂಗಾರಿನ ಮೊದಲ ಜಡಿಮಳೆಗೆ ಮಣ್ಣು ಉಬ್ಬಿ ಬಿರುಕುಗಳು ಮುಚ್ಚಿಕೊಂಡಾಗ ಪ್ರತಿವರ್ಷವೂ ಅಸಂಖ್ಯ ಇಲಿಗಳು ಅಲ್ಲಿಯೇ ಹೂತು ಸಾಯುತ್ತವೆ. 1826ರಲ್ಲಿ ಆರಂಭದ ಮಳೆ ಕೊರತೆಯಾಯಿತು, ಬಿರುಕುಗಳು ಮುಚ್ಚಲಿಲ್ಲ, ಇಲಿಗಳು ಮಿತಿಮೀರಿ ಬೆಳೆದವು. ಬಿತ್ತಿದ ಬೀಜವನ್ನು ಬಿತ್ತಿದಂತೆಯೇ ತಿಂದವು; ಅಳಿದುಳಿದ ಪೈರು ತೆನೆಗಟ್ಟಿದಾಗ ಜೋಳದ ದಂಟನ್ನು ಹತ್ತಿ ತೆನೆಯನ್ನು ಕತ್ತರಿಸಿ ಕೆಳಗೆ ಬೀಳಿಸಿ, ಆಮೇಲೆ ಸಾವಕಾಶವಾಗಿ ಕಾಳನ್ನು ಮೆದ್ದವು. ರೈತರು ಕಂದಾಯ ಕೊಡಲಾರದಷ್ಟು ಹೊಲಗಳು ಹಾಳಾದವು. ಇಷ್ಟು ಡಜನ್ ಇಲಿಗೆ ಇಷ್ಟು ಅಳತೆಯ ಕಾಳು ಎಂದು ಗೊತ್ತುಮಾಡಿ ಒಡ್ಡರನ್ನು ಹಚ್ಚಿ ಸಾವಿರಗಟ್ಟಲೆ ಇಲಿಗಳನ್ನು ಕೊಲ್ಲಿಸಿದರೂ ಅವುಗಳ ಸಂಖ್ಯೆ ಕುಗ್ಗಿದಂತೆ ತೋರಲಿಲ್ಲವೆಂದು ಎಲಿಯಟ್ ಬರೆದಿದ್ದಾನೆ.

ಈ ಪ್ರಸಂಗದ ಮಹತ್ತ್ವವಿರುವುದು ಇಲಿಗಳ ಸಂಖ್ಯೆಯಲ್ಲಿ ಅಲ್ಲ. ಬರವೂ ಪೀಡೆಯೂ ಇಲ್ಲಿ ಎರಡು ಬೇರೆ ಕಷ್ಟಗಳಲ್ಲ. ಒಂದರ ಹೊಟ್ಟೆಯಲ್ಲಿ ಇನ್ನೊಂದು ಹುಟ್ಟುತ್ತದೆ ಎಂಬುದನ್ನು ಅದು ತೋರಿಸುತ್ತದೆ. 1876-78ರ ಮಹಾಕ್ಷಾಮದ ಬೆನ್ನಿಗೇ, ಜನ ಸತ್ತು ದನ ತೀರಿ ಉಳಿದವರು ಮತ್ತೆ ಬಿತ್ತನೆಗೆ ತೊಡಗಿದಾಗ, ಸೋಲಾಪುರ ಮತ್ತು ಈ ತಾಲ್ಲೂಕುಗಳನ್ನೊಳಗೊಂಡ ಅಂದಿನ ಕಲಾದಗಿ ಜಿಲ್ಲೆಗಳಲ್ಲಿ ಇದೇ ಇಲಿಗಳ ಹಾವಳಿ 1879ರ ಸುಮಾರಿಗೆ ಮರುಕಳಿಸಿತು.

ಮಿಡತೆಗಳ ಕಥೆ ಬೇರೆ ಬಗೆಯದು. 1882-83ರಲ್ಲಿಯೂ ಇಪ್ಪತ್ತನೆಯ ಶತಮಾನದ ಆದಿಯಲ್ಲಿಯೂ ಮುಂಬಯಿ ಪ್ರಾಂತದ ಮೇಲೆ ಹಾರಿಬಂದ ಮಿಡತೆಯ ದಂಡುಗಳು ಸರಕಾರವನ್ನು ಬೆಚ್ಚಿಸಿದುವು. ಅವು ಬಂದ ಹಾಗೆ ಹೋದುವು. ಹೋಗದೆ ಉಳಿದದ್ದು ಜೋಳದ ರೆಕ್ಕೆಯಿಲ್ಲದ ಮಿಡತೆ. ಮೈಸೂರು ಸಂಸ್ಥಾನಕ್ಕೆ 1908ರಲ್ಲಿ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ನರ ಹೆಸರನ್ನೇ ಅದರ ಕುಲಕ್ಕೆ 1910ರಲ್ಲಿ ಇಡಲಾಯಿತು. ಮರುವರ್ಷ ಕೋಲ್ಮನ್ನರು ಅದರ ಜೀವನಕ್ರಮವನ್ನು ಕುರಿತು ಪುಸ್ತಿಕೆಯನ್ನು ಹೊರಡಿಸಿದರು. ವರ್ಷಕ್ಕೆ ಒಂದೇ ಸಂತತಿ. ಮಳೆಗಾಲ ಮುಗಿದ ಮೇಲೆ ಮಣ್ಣಿನಲ್ಲಿಟ್ಟ ಮೊಟ್ಟೆಗಳು ಬೇಸಿಗೆಯನ್ನು ಕಳೆದು ಮುಂಗಾರಿಗೆ ಒಡೆಯುತ್ತವೆ. ಹಾರಲಾರದ ಹುಳುವಾದುದರಿಂದ ಅದು ಪರಸ್ಥಳದಿಂದ ಬಂದದ್ದೆಂದು ದೂರುವಂತಿಲ್ಲ. ನೆಲವನ್ನು ಆಳವಾಗಿ ಉತ್ತು ಮೊಟ್ಟೆಗಳನ್ನು ಬಿಸಿಲಿಗೆ ಕೆಡಹುವುದು, ಮರಿಗಳು ಚಿಕ್ಕವಿದ್ದಾಗಲೇ ಚೀಲದ ಬಲೆಯನ್ನು ಎಳೆದು ಹಿಡಿಯುವುದು, ಇವೇ ಆಗಿನ ಉಪಾಯಗಳು. ಎರೆ ಹೊಲವನ್ನು ಪ್ರತಿವರ್ಷ ನೇಗಿಲಿನಿಂದ ಉಳದೆ ಕುಂಟೆ ಹೊಡೆದು ಬಿತ್ತುವ ಸೀಮೆಯಲ್ಲಿ ಮೊದಲನೆಯದು ಖರ್ಚಿನ ಕೆಲಸ. ಎರಡನೆಯದು ನೆರೆಹೊಲದವನು ಕೈಗೂಡಿಸದಿದ್ದರೆ ವ್ಯರ್ಥ.

ಇವೆಲ್ಲಕ್ಕಿಂತ ಹೆಚ್ಚು ವಿಚಾರಾರ್ಹವಾದುದು ಜೋಳದ ಕಾಡಿಗೆ ರೋಗ. ಪೈರು ಹೂವಾಗುವವರೆಗೆ ರೋಗದ ಸುಳಿವೇ ಇರುವುದಿಲ್ಲ. ಗಿಡ ಹಸಿರಾಗಿದೆ, ತೆನೆ ಹೊರಬಿದ್ದಿದೆ. ಆದರೆ ಕಾಳಿರಬೇಕಾದ ಎಡೆಯಲ್ಲಿ ಬೂದುಬಣ್ಣದ ಕೊಳವೆಯಂತಹ ಕಾಯಿಗಳು ಕಾಣಿಸಿಕೊಳ್ಳುತ್ತವೆ, ಚಿವುಟಿದರೆ ಬೆರಳಿಗೆ ಕಪ್ಪುಪುಡಿ ಮೆತ್ತುತ್ತದೆ. ರೈತನು ಇದನ್ನು ಆ ವರ್ಷದ ಮೋಡಕ್ಕೋ ಇಬ್ಬನಿಗೋ ಆರೋಪಿಸಿದ್ದರೆ ಆಶ್ಚರ್ಯವಿಲ್ಲ. ಕಣ್ಣಿಗೆ ಬಿದ್ದದ್ದು ಆಗಲೇ ತಾನೆ. ವಾಸ್ತವದಲ್ಲಿ ರೋಗ ಹತ್ತಿದ್ದು ಹಿಂದಿನ ವರ್ಷದ ಕಣದಲ್ಲಿ. ಹಂತಿ ಹೂಡಿ ಎತ್ತುಗಳಿಂದ ತೆನೆಗಳನ್ನು ತುಳಿಸುವಾಗ ಕಾಡಿಗೆಯ ಕಾಯಿಗಳು ಒಡೆದು, ಅವುಗಳ ಬೀಜಾಣುಗಳು ಒಳ್ಳೆಯ ಕಾಳುಗಳ ಮೈಗೆಲ್ಲ ಅಂಟಿಕೊಳ್ಳುತ್ತವೆ; ಆ ಕಾಳನ್ನು ಬಿತ್ತಿದಾಗ ಮೊಳಕೆಯೊಡನೆ ತಾವೂ ಮೊಳೆತು ಗಿಡದೊಳಗೆ ಹೊಕ್ಕು, ತೆನೆಯ ಕಾಲಕ್ಕಾಗಿ ಕಾದಿರುತ್ತವೆ. ಕಣದಲ್ಲಿ ಹುಟ್ಟಿದ ರೋಗಕ್ಕೆ ಹೊಲದಲ್ಲಿ ಮದ್ದಿಲ್ಲ. ಬಿತ್ತುವ ಮುನ್ನಾದಿನ ಬೀಜಕ್ಕೆ ಮಾಡಬೇಕು.

ಮುಂಬಯಿ ಪ್ರಾಂತದ ಬೇಸಾಯ ಖಾತೆಯವರು ಇದನ್ನು ಅರಿತು, ಮೈಲುತುತ್ತದ ಸಣ್ಣ ಪೊಟ್ಟಣಗಳನ್ನು ಮಾರಿ, ಅದರ ದ್ರಾವಣದಲ್ಲಿ ಬೀಜವನ್ನು ಕೆಲವು ನಿಮಿಷ ಅದ್ದಿ ಒಣಗಿಸಿ ಬಿತ್ತುವುದನ್ನು ರೂಢಿಗೆ ತಂದರು. ಮುಂದೆ ನೀರಿನ ಗೊಡವೆಯೇ ಇಲ್ಲದ ಗಂಧಕದ ನುಣ್ಣನೆಯ ಪುಡಿ ಅದರ ಸ್ಥಾನವನ್ನು ಪಡೆಯಿತು; ಕಿಲೋ ಬೀಜಕ್ಕೆ ಸುಮಾರು 4 ಗ್ರಾಂ ಸಾಕು. ಈ ಸೀಮೆಯ ಸಸ್ಯರಕ್ಷಣೆಯ ಚರಿತ್ರೆಯಲ್ಲಿ ನಿಸ್ಸಂದಿಗ್ಧವಾದ ಗೆಲುವೆಂದು ನಾನು ಎಣಿಸುವುದು ಇದೊಂದನ್ನೇ: ಅಗ್ಗ, ಕಾಲಬದ್ಧ, ಮತ್ತು ಹೊಲಕ್ಕೆ ವಿಷವೆರಚದೆ ಬೀಜದಲ್ಲಿಯೇ ಮುಗಿಯುವ ಉಪಾಯ. 

ಸರಕಾರದ ಪೊಟ್ಟಣ ಬರುವುದಕ್ಕೆ ಮುಂಚೆ ರೈತನು ಕೈಕಟ್ಟಿ ಕುಳಿತಿದ್ದನೆಂದು ಇದರಿಂದ ತಿಳಿಯಬಾರದು. ಜೋಳದ ಹೊಲದ ಅಂಚಿಗೆ ಮುಳ್ಳಿನ ಕುಸುಬಿಯನ್ನು ಬಿತ್ತಿ ದನಗಳನ್ನು ತಡೆಯುವುದು, ನಡುನಡುವೆ ಅಕ್ಕಡಿ ಕಾಳುಗಳನ್ನು ಸೇರಿಸಿ ಒಂದು ಬೆಳೆ ಕೆಟ್ಟರೂ ಇನ್ನೊಂದು ಉಳಿಯುವಂತೆ ನೋಡಿಕೊಳ್ಳುವುದು, ಕವಣೆ ಹಿಡಿದು ಹಕ್ಕಿ ಓಡಿಸುವುದು, ರಾಶಿಯಾದ ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿ ಬಾಯಿ ಮುಚ್ಚುವುದು, ಇವೆಲ್ಲವೂ ರಕ್ಷಣೆಯ ಕ್ರಮಗಳೇ. ಹಗೇವಿನೊಳಗೆ ಕಾಳೂ ಹುಳುವೂ ಉಸಿರಾಡಿ ಪ್ರಾಣವಾಯು ತೀರಿದಾಗ ಹುಳು ಸಾಯುತ್ತದೆ, ಕಾಳು ಉಳಿಯುತ್ತದೆ. ಮುಚ್ಚಿದ ಹಗೇವಿಗೆ ಇಳಿಯುವ ಮುನ್ನ ಬಾಯಿ ತೆರೆದು ಗಾಳಿಯಾಡಿಸಬೇಕೆಂಬುದು ಹಳ್ಳಿಯವರಿಗೆ ತಿಳಿದ ವಿಷಯವೇ. ಎಳ್ಳ ಅಮಾವಾಸ್ಯೆಯ ದಿನ ಹೊಲಕ್ಕೆ ಬುತ್ತಿ ಹೊತ್ತು ಹೋಗಿ ಚರಗ ಚೆಲ್ಲುವ ಆಚರಣೆಯ ವಿಷಯದಲ್ಲಿ ಮಾತ್ರ ನಾನು ಎಚ್ಚರಿಕೆಯಿಂದ ಬರೆಯಬಯಸುತ್ತೇನೆ. ತೊಗರಿ, ಕಡಲೆಗಳು ಕಾಯಿಗಟ್ಟಿ ಕಾಯಿಕೊರಕ ಹುಳು ಬಲಿಯುವ ಕಾಲದಲ್ಲಿಯೇ ಈ ಅನ್ನ ಹಕ್ಕಿಗಳನ್ನು ಹೊಲಕ್ಕೆ ಕರೆಯುತ್ತದೆ, ಹಕ್ಕಿಗಳು ಹುಳುವನ್ನೂ ಆರಿಸುತ್ತವೆ ಎಂಬ ವ್ಯಾಖ್ಯಾನ ಈಗ ಪ್ರಚಲಿತವಾಗಿದೆ. ಹಕ್ಕಿಗಳು ಆ ಹುಳುವನ್ನು ತಿನ್ನುವುದು ನಿಜ. ಆದರೆ ಚರಗವು ಭೂತಾಯಿಗೆ ಸಲ್ಲಿಸುವ ಎಡೆ; ಅದಕ್ಕೆ ಕೀಟಶಾಸ್ತ್ರದ ಅಂಗೀಕಾರವನ್ನು ತಂದುಕೊಡುವ ಅಗತ್ಯ ಅದನ್ನು ಚೆಲ್ಲುವವರಿಗೆ ಇಲ್ಲ.

ಇತ್ತ ಸರಕಾರದ ಪಾತ್ರವೂ ಹಿಗ್ಗುತ್ತ ಬಂದಿತು. 1933ರ ಹೊತ್ತಿಗೆ ಕೃಷಿ ಸಂಶೋಧನೆಯ ಸಾಮ್ರಾಜ್ಯ ಪರಿಷತ್ತು ಈ ತಾಲ್ಲೂಕುಗಳ ಜಿಲ್ಲಾಸ್ಥಳವಾದ ವಿಜಾಪುರದಲ್ಲಿ ಒಣಬೇಸಾಯದ ಸಂಶೋಧನೆಗೆ ತೊಡಗಿತು. ಸ್ವಾತಂತ್ರ್ಯದ ವರ್ಷವಾದ 1947ರಲ್ಲಿ ಮುಂಬಯಿ ಶಾಸನಸಭೆಯು ಬೆಳೆಯ ಕೀಟ-ರೋಗಗಳ ಕಾಯದೆಯನ್ನು ಮಾಡಿ, ಸರಕಾರ ಘೋಷಿಸಿದ ಪ್ರದೇಶದಲ್ಲಿ ಪ್ರತಿಯೊಬ್ಬ ಹಿಡುವಳಿದಾರನೂ ಗೊತ್ತುಪಡಿಸಿದ ಉಪಾಯವನ್ನು ಕೈಗೊಳ್ಳಲೇಬೇಕೆಂದು ವಿಧಿಸಿತು. ಒಡ್ಡರಿಗೆ ಕಾಳು ಅಳೆದುಕೊಟ್ಟ ಹಳ್ಳಿಗರು ಅರಿತಿದ್ದ ತತ್ತ್ವಕ್ಕೇ ಕಾಯದೆಯ ರೂಪ ಬಂದಿತೆನ್ನಬಹುದು. ಆದರೆ ಅದೇ ಕಾಲಕ್ಕೆ ಡಿಡಿಟಿ, ಬಿಎಚ್‌ಸಿ ಪುಡಿಗಳು ಪೇಟೆಗೆ ಬಂದು, ಹೊಲದ ರಕ್ಷಣೆಯು ಅಂಗಡಿಯಿಂದ ತರುವ ವಸ್ತುವಾಯಿತು. 1958ರಲ್ಲಿ ಪ್ಯಾರಾಥಿಯಾನ್ ಬೆರೆತ ಆಹಾರದಿಂದ ಕೇರಳದಲ್ಲಿ ನೂರಕ್ಕೂ ಹೆಚ್ಚು ಜನ ಸತ್ತ ಮೇಲೆಯೂ ಕೀಟನಾಶಕಗಳ ಕಾಯದೆ ಬರಲು 1968ನೆಯ ಇಸವಿಯವರೆಗೆ ಕಾಯಬೇಕಾಯಿತು.

ಅಂಗಡಿಯ ಮೇಲಿನ ಈ ಅವಲಂಬನೆ ಬಟ್ಟಬಯಲಾದದ್ದು ತೊಗರಿಯಲ್ಲಿ. ಜೋಳದ ಹೊಲಗಳನ್ನು ಆಕ್ರಮಿಸಿ ಇಂಡಿ, ಸಿಂದಗಿಗಳಲ್ಲಿ ಹಬ್ಬಿದ ಈ ಬೆಳೆಯ ಶತ್ರುವಾದ ಕಾಯಿಕೊರಕ ಹುಳು, ಸಿಂಪಡಿಸಿದ ಒಂದೊಂದು ಔಷಧಿಗೂ ಸಹನಶಕ್ತಿಯನ್ನು ಬೆಳೆಸಿಕೊಂಡಿತು. 1997-98ರಲ್ಲಿ ನೆರೆಯ ಕಲಬುರಗಿಯ ತೊಗರಿ ಬೆಳೆ ಅದಕ್ಕೆ ತುತ್ತಾದಾಗ, ಸಾಲ ತಂದು ಎಣ್ಣೆ ಹೊಡೆದ ರೈತರು ಪ್ರಾಣವನ್ನೇ ಕಳೆದುಕೊಂಡ ದುರಂತ ನಾಡಿನ ಮನಸ್ಸನ್ನು ಕಲಕಿತು. ಆಗ ಮತ್ತೆ ಬಳಕೆಗೆ ಬಂದದ್ದು ಹಿರಿಯರ ಒಂದು ಕ್ರಮ: ಸಾಲಿನ ನಡುವೆ ತಾಡಪಾಲು ಹಾಸಿ ಎಳೆಯುತ್ತ, ಎರಡೂ ಬದಿಯ ಗಿಡಗಳನ್ನು ಮೆಲ್ಲನೆ ಅಲುಗಿಸಿದರೆ ಬಲಿತ ಹುಳುಗಳು ಪಟಪಟನೆ ಉದುರುತ್ತವೆ, ಅವನ್ನು ಆರಿಸಿ ಕೊಲ್ಲುತ್ತಾರೆ, ಇಲ್ಲವೆ ಕೋಳಿಗೆ ಹಾಕುತ್ತಾರೆ. ತೊಗರಿಯ ಇನ್ನೊಂದು ಪೀಡೆಯಾದ ನೆಟೆ ರೋಗಕ್ಕಾದರೋ ಔಷಧಿಗಿಂತ ತಳಿಯೇ ದಾರಿ. ಮಣ್ಣಿನ ಶಿಲೀಂಧ್ರದಿಂದ ಬರುವ, 1906ರಲ್ಲಿ ಸಸ್ಯರೋಗಶಾಸ್ತ್ರಜ್ಞ ಬಟ್ಲರನು ವರ್ಣಿಸಿದ ಈ ರೋಗವನ್ನು ತಾಳಿಕೊಳ್ಳುವ ‘ಮಾರುತಿ’ ತಳಿ 1986ರಲ್ಲಿ ಬಿಡುಗಡೆಯಾಯಿತು.

ಆಲಮಟ್ಟಿ, ನಾರಾಯಣಪುರ ಜಲಾಶಯಗಳ ಕಾಲುವೆಗಳು ಬಂದಮೇಲೆ ಈ ನಾಲ್ಕೂ ತಾಲ್ಲೂಕುಗಳ ಸಸ್ಯರಕ್ಷಣೆಯ ಲೆಕ್ಕವೇ ಬೇರೆಯಾಗಿದೆ. ಮಳೆಯನ್ನೇ ನಂಬಿದ ಎರೆ ಹೊಲವು ಬೇಸಿಗೆಯಲ್ಲಿ ಬರಿದಾಗಿ ಬಿದ್ದಿರುತ್ತಿತ್ತು. ತಿನ್ನಲು ಹಸಿರಿಲ್ಲದ ಆ ತಿಂಗಳುಗಳೇ ಅನೇಕ ಹುಳುಗಳ ಸಂತತಿಯನ್ನು ಮುರಿಯುತ್ತಿದ್ದುವು. ಈಗ ಕಾಲುವೆಯ ಕೆಳಗೆ ಕಬ್ಬು, ಗೋವಿನಜೋಳಗಳು ಒಂದರ ಬೆನ್ನಿಗೊಂದು ನಿಂತಿರುತ್ತವೆ. ಅಮೆರಿಕ ಖಂಡದಿಂದ ಬಂದು 2018ರ ಮೇ ತಿಂಗಳಲ್ಲಿ ಶಿವಮೊಗ್ಗದಲ್ಲಿ ಭಾರತದಲ್ಲಿ ಮೊದಲು ಪತ್ತೆಯಾದ ಫಾಲ್ ಸೈನಿಕ ಹುಳುವಿನಂತಹ ಪೀಡೆಗೆ ಇದಕ್ಕಿಂತ ಅನುಕೂಲವಾದ ಸನ್ನಿವೇಶ ಬೇಕಿಲ್ಲ. ಅದು ಜೋಳಕ್ಕೂ ಹತ್ತುವಂಥದು. ಹೊಲದಿಂದ ತೋಟಕ್ಕೆ ಬಂದರೆ, ಇಂಡಿಯ ನಿಂಬೆ 2023ರಲ್ಲಿ ಭೌಗೋಳಿಕ ಸೂಚಕದ ಮನ್ನಣೆಯನ್ನು ಪಡೆದಿದೆ. ಆದರೆ ಆ ಕಾಗದಿ ನಿಂಬೆಯೇ ಕಜ್ಜಿ ರೋಗಕ್ಕೆ ಬಹಳ ಬೇಗ ಎಡೆಗೊಡುವ ಜಾತಿ. ಎಲೆ ಸುರಂಗದ ಹುಳು ಕೊರೆದ ಗಾಯದ ಮೂಲಕ ದುಂಡಾಣು ಒಳಹೊಕ್ಕು, ಗಾಳಿಮಳೆಯ ಹನಿಗಳೊಡನೆ ಗಿಡದಿಂದ ಗಿಡಕ್ಕೆ ಹಾರುತ್ತದೆ. ಒಬ್ಬ ತೋಟಿಗನು ಮಳೆಗಾಲಕ್ಕೆ ಮೊದಲೇ ರೋಗದ ಟೊಂಗೆಗಳನ್ನು ಸವರಿ ಸುಟ್ಟು ತಾಮ್ರದ ಔಷಧಿ ಸಿಂಪಡಿಸಿ, ಬೇಲಿಯಾಚೆಯವನು ಟೊಂಗೆಗಳನ್ನು ಹಾಗೆಯೇ ಬಿಟ್ಟರೆ, ಮೊದಲ ಬಿರುಮಳೆಗೇ ಇಬ್ಬರ ತೋಟವೂ ಒಂದೇ ಆಗುತ್ತದೆ.