ಶಸ್ತ್ರವೂ ಗಂಜಿಯೂ

ಲಂಘನವೇ ಪರಮೌಷಧವೆಂಬ ಮಾತು ನಮ್ಮ ಮನೆಗಳಲ್ಲಿ ವೈದ್ಯನಿಗಿಂತ ಮೊದಲೇ ಬಂದು ಕುಳಿತಿರುತ್ತದೆ. ನಮ್ಮ ತೊರಗಲ್ ನಾಡಿನಲ್ಲಿ, ಎಂದರೆ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಸೀಮೆಯಲ್ಲಿ, ಜ್ವರ ಬಂದವನಿಗೆ ರೊಟ್ಟಿ ಬಂದು. ಹೊಟ್ಟೆ ಕೆಟ್ಟವನಿಗೆ ತುಪ್ಪ ಬಂದು. ಆಸ್ಪತ್ರೆಯಿಂದ ಹೊಲಿಗೆ ಹಾಕಿಸಿಕೊಂಡು ಬಂದವನಿಗೆ ತಿಳಿಗಂಜಿಯೊಂದನ್ನು ಬಿಟ್ಟು ಎಲ್ಲವೂ ಬಂದು. ಇದರಲ್ಲಿ ಪ್ರೀತಿಯುಂಟು, ತಲೆಮಾರುಗಳ ಅನುಭವವುಂಟು. ನಾಲ್ಕು ದಿನದ ಕಾಯಿಲೆಗೆ ಇದು ಸಾಕು. ಆದರೆ ಮೇದೋಜೀರಕ ಗ್ರಂಥಿಯ ಕ್ಯಾನ್ಸರಿಗೆ ಶಸ್ತ್ರಕ್ರಿಯೆ ಮಾಡಿಸಿಕೊಂಡು ಬಂದವನಿಗೆ ಇದೇ ಪಥ್ಯವನ್ನು ತಿಂಗಳುಗಟ್ಟಲೆ ನಡೆಸಿದರೆ, ಶಸ್ತ್ರವೈದ್ಯ ಉಳಿಸಿಕೊಟ್ಟ ಜೀವವನ್ನು ನಾವು ಅಡಿಗೆಮನೆಯಲ್ಲಿ ಕಳೆದುಕೊಳ್ಳುವ ಭಯವಿದೆ. ನಾನು ವೈದ್ಯನಲ್ಲ, ಚರಿತ್ರೆಯನ್ನು ಓದುವವನು. ಈ ಶಸ್ತ್ರಕ್ರಿಯೆಯ ಚರಿತ್ರೆಯನ್ನು ಓದುತ್ತ ಹೋದಂತೆ, ಅದು ಕತ್ತಿಯ ಚರಿತ್ರೆ ಎಷ್ಟೋ ಅನ್ನದ ಚರಿತ್ರೆಯೂ ಅಷ್ಟೇ ಎಂದು ನನಗೆ ಮನದಟ್ಟಾಯಿತು.

ಜಠರದ ಹಿಂದೆ ಬೆನ್ನೆಲುಬಿಗೆ ಅಡ್ಡಲಾಗಿ ಮಲಗಿರುವ, ಒಂದು ಗೇಣಿಗಿಂತ ಚಿಕ್ಕದಾದ ಗ್ರಂಥಿ ಇದು. ಎಲುಬಿಲ್ಲದ ಬರಿಯ ಮಾಂಸವೆಂದು ಕಂಡ ಗ್ರೀಕರು ಇದಕ್ಕೆ ‘ಎಲ್ಲವೂ ಮಾಂಸ’ ಎಂಬರ್ಥದ ಹೆಸರಿಟ್ಟು ಸುಮ್ಮನಾದರು. 1642ರಲ್ಲಿ ಇಟಲಿಯ ಪಾಡುವಾದಲ್ಲಿ ವಿರ್ಸುಂಗ್ ಎಂಬ ಜರ್ಮನ್ ಅಂಗವಿಜ್ಞಾನಿ ಅದರೊಳಗೆ ಒಂದು ನಾಳವಿರುವುದನ್ನು ಕಂಡುಹಿಡಿದ. ಆ ನಾಳದಲ್ಲಿ ಹರಿಯುವ ರಸ ಯಾವ ಕೆಲಸಕ್ಕೆ ಎಂಬುದು ಸ್ಪಷ್ಟವಾಗಲು ಮತ್ತೆ ಇನ್ನೂರು ವರ್ಷ ಹಿಡಿಯಿತು.

ಆ ಕಥೆ ಮೊಲಗಳಿಂದ ಪ್ರಾರಂಭವಾಗುತ್ತದೆ. 1846ರಲ್ಲಿ ಪ್ಯಾರಿಸಿನ ಕ್ಲೋದ್ ಬೆರ್ನಾರನ ಪ್ರಯೋಗಶಾಲೆಗೆ ಸಂತೆಯಿಂದ ಕೆಲವು ಮೊಲಗಳನ್ನು ತಂದರು. ಹುಲ್ಲು ತಿನ್ನುವ ಪ್ರಾಣಿಯ ಮೂತ್ರ ಕದಡಿದಂತಿರಬೇಕು. ಇವುಗಳದು ಮಾಂಸಾಹಾರಿಗಳದರಂತೆ ತಿಳಿಯಾಗಿತ್ತು. ಬೆರ್ನಾರ್ ಯೋಚಿಸಿ ಕಾರಣ ಕಂಡುಕೊಂಡ: ಮೊಲಗಳು ಬಹಳ ಹೊತ್ತಿನಿಂದ ಉಪವಾಸವಿದ್ದವು, ಹೊರಗಿನ ಆಹಾರವಿಲ್ಲದೆ ತಮ್ಮ ಮೈಯ ಮಾಂಸವನ್ನೇ ತಿಂದು ಬದುಕುತ್ತಿದ್ದವು. ಇದನ್ನು ಪರೀಕ್ಷಿಸಲು ಅವುಗಳಿಗೆ ಮಾಂಸವನ್ನು ತಿನ್ನಿಸಿ, ಕೊಯ್ದು ನೋಡಿದಾಗ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ಮೊಲದ ಕರುಳಿಗೆ ಮೇದೋಜೀರಕ ರಸ ಬಂದು ಸೇರುವ ಜಾಗ ಪಿತ್ತ ಸೇರುವ ಜಾಗಕ್ಕಿಂತ ಬಹಳ ಕೆಳಗಿದೆ. ಜೀರ್ಣವಾದ ಕೊಬ್ಬನ್ನು ಹೊತ್ತೊಯ್ಯುವ ಬಿಳಿಯ ಎಳೆಗಳು ಆ ರಸ ಸೇರಿದ ಜಾಗದಿಂದ ಕೆಳಗೆ ಮಾತ್ರ ಕಾಣಿಸಿಕೊಂಡವು. ಕೊಬ್ಬನ್ನು ಅರಗಿಸುವುದರಲ್ಲಿ ಈ ಗ್ರಂಥಿಯ ರಸಕ್ಕೆ ಮುಖ್ಯ ಪಾಲಿದೆಯೆಂಬುದು ಹೀಗೆ ತಿಳಿಯಿತು. ಉಪವಾಸವಿದ್ದ ದೇಹ ತನ್ನನ್ನೇ ತಿನ್ನುತ್ತದೆ. ಈ ರಸವಿಲ್ಲದೆ ತಿಂದದ್ದು ಮೈಗೆ ಹತ್ತುವುದಿಲ್ಲ. ನಮ್ಮ ವಿಷಯಕ್ಕೆ ಬೇಕಾದ ಎರಡು ಪಾಠಗಳನ್ನೂ ಒಂದೇ ಮೊಲ ಹೇಳಿಕೊಟ್ಟಿತು.

ಈ ಪಾಠವನ್ನು ಶಸ್ತ್ರವೈದ್ಯರು ಕಲಿತದ್ದು ಮಾತ್ರ ನಿಧಾನವಾಗಿ. 1898ರಲ್ಲಿ ಇಟಲಿಯ ಕೊದಿವಿಲ್ಲ ಎಂಬಾತ ಗ್ರಂಥಿಯ ತಲೆಯ ಭಾಗವನ್ನು ಕತ್ತರಿಸಿ ತೆಗೆದ. ರೋಗಿ ತಿಂಗಳು ತುಂಬುವ ಮೊದಲೇ ಸೊರಗಿ ಸತ್ತ. 1909ರಲ್ಲಿ ಬರ್ಲಿನ್ನಿನ ಕೌಶ್ ಇದೇ ಕೆಲಸವನ್ನು ಎರಡು ಹಂತದಲ್ಲಿ ಮಾಡಿದಾಗ ರೋಗಿ ಕೆಲವು ತಿಂಗಳು ಬದುಕಿದ. 1935ರಲ್ಲಿ ನ್ಯೂಯಾರ್ಕಿನ ಅಲೆನ್ ವಿಪ್ಪಲ್ ಮೂವರು ರೋಗಿಗಳ ವರದಿಯನ್ನು ಪ್ರಕಟಿಸಿದ ಮೇಲೆ ಈ ಶಸ್ತ್ರಕ್ರಿಯೆಗೆ ಅವನ ಹೆಸರೇ ನಿಂತಿತು. ಗ್ರಂಥಿಯ ತಲೆ, ಅದಕ್ಕೆ ಅಂಟಿಕೊಂಡ ಚಿಕ್ಕರುಳಿನ ಮೊದಲ ಭಾಗ, ಪಿತ್ತಕೋಶ, ಪಿತ್ತನಾಳದ ತುದಿ, ಅನೇಕ ವೇಳೆ ಜಠರದ ಒಂದು ತುಂಡು ಇವಿಷ್ಟನ್ನು ತೆಗೆದು, ಉಳಿದುದನ್ನು ಮತ್ತೆ ಕರುಳಿಗೆ ಜೋಡಿಸುವ ಕೆಲಸವದು.

ಮೊದಮೊದಲು ಎರಡು ಸಲ ಹೊಟ್ಟೆಯನ್ನು ಕೊಯ್ಯಬೇಕಾದುದಕ್ಕೆ ಕಾರಣವೂ ಆಹಾರದ ಕೊರತೆಯೇ. ಗಂಟು ಪಿತ್ತನಾಳವನ್ನು ಒತ್ತಿದಾಗ ರೋಗಿಗೆ ಕಾಮಾಲೆಯಾಗುತ್ತದೆ, ಪಿತ್ತ ಕರುಳಿಗಿಳಿಯದೆ ಕೊಬ್ಬಿನಲ್ಲಿ ಕರಗುವ ಜೀವಸತ್ವಗಳು ಮೈಗೆ ಸೇರುವುದಿಲ್ಲ, ರಕ್ತ ಹೆಪ್ಪುಗಟ್ಟುವುದಿಲ್ಲ. ಡೆನ್ಮಾರ್ಕಿನ ಹೆನ್ರಿಕ್ ದಾಮ್ ರಕ್ತ ಹೆಪ್ಪುಗಟ್ಟಿಸುವ ‘ಕೆ’ ಜೀವಸತ್ವವನ್ನು ಕಂಡುಹಿಡಿದು, ಅದು ಆಸ್ಪತ್ರೆಗಳಿಗೆ ಬಂದ ಮೇಲೆಯೇ ವಿಪ್ಪಲ್ 1940ರಲ್ಲಿ ಎಲ್ಲವನ್ನೂ ಒಂದೇ ಸಲಕ್ಕೆ ಮುಗಿಸುವುದು ಸಾಧ್ಯವಾಯಿತು. ಆದರೂ ಆ ಕಾಲದಲ್ಲಿ ಉಳಿದ ಗ್ರಂಥಿಯ ತುದಿಯನ್ನು ಕಟ್ಟಿ ಮುಚ್ಚಿಬಿಡುತ್ತಿದ್ದರು. ರಸ ಕರುಳಿಗೆ ಬಾರದಿದ್ದರೂ ಮನುಷ್ಯ ಬದುಕಬಲ್ಲನೆಂಬುದು ಆಗಿನ ನಂಬಿಕೆ. ಬದುಕಬಲ್ಲ, ನಿಜ, ಆದರೆ ಸೊರಗುತ್ತಾನೆ. ಮುಂದೆ ಆ ತುದಿಯನ್ನೂ ಕರುಳಿಗೆ ಜೋಡಿಸುವ ಪದ್ಧತಿ ಬಂತು. 1970ರ ದಶಕದಲ್ಲಿಯೂ ನಾಲ್ವರಲ್ಲಿ ಒಬ್ಬರು ಈ ಶಸ್ತ್ರಕ್ರಿಯೆಯಿಂದಲೇ ಸಾಯುತ್ತಿದ್ದುದುಂಟು. ಇಂದು ಅನುಭವವುಳ್ಳ ದೊಡ್ಡ ಆಸ್ಪತ್ರೆಗಳಲ್ಲಿ ಆ ಸಂಖ್ಯೆ ನೂರಕ್ಕೆ ಐದಕ್ಕಿಂತ ಕೆಳಗಿಳಿದಿದೆ.

ಅನ್ನದಷ್ಟೇ ನೀರಿನ ಮಾತೂ ಮುಖ್ಯ. ಜೊಲ್ಲು, ಜಠರರಸ, ಪಿತ್ತ, ಮೇದೋಜೀರಕ ರಸ, ಕರುಳಿನ ರಸ ಇವೆಲ್ಲ ಸೇರಿ ದಿನಕ್ಕೆ ಸುಮಾರು 7 ಲೀಟರು ನಮ್ಮ ಜೀರ್ಣನಾಳದೊಳಗೆ ಸುರಿದು, ಬಹುಮಟ್ಟಿಗೆ ಅಷ್ಟೂ ಮತ್ತೆ ರಕ್ತಕ್ಕೆ ಹಿಂತಿರುಗುತ್ತದೆ. ವಾಂತಿಯಾದರೆ, ಭೇದಿಯಾದರೆ ಈ ಲೆಕ್ಕ ಕ್ಷಣದಲ್ಲಿ ತಪ್ಪುತ್ತದೆ. 1832ರ ಕಾಲರಾದಲ್ಲಿ ಸ್ಕಾಟ್ಲೆಂಡಿನ ಥಾಮಸ್ ಲಟ್ಟಾ ಉಪ್ಪುನೀರನ್ನು ರಕ್ತನಾಳಕ್ಕೇ ಹಾಯಿಸಿ ಸಾಯುತ್ತಿದ್ದವರನ್ನು ಎಬ್ಬಿಸಿದ. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರ ಶಿಬಿರದಲ್ಲಿ ದಿಲೀಪ್ ಮಹಾಲನಬೀಸ್ ಅದೇ ಕೆಲಸವನ್ನು ಸೂಜಿಯಿಲ್ಲದೆ ಮಾಡಿ ತೋರಿಸಿದರು. ಉಪ್ಪಿನ ಜೊತೆಗೆ ಗ್ಲೂಕೋಸ್ ಇದ್ದರೆ ಕರುಳು ನೀರನ್ನು ಬೇಗ ಹೀರಿಕೊಳ್ಳುತ್ತದೆ ಎಂಬ ಸೂಕ್ಷ್ಮವೇ ಅದರ ತಿರುಳು. ಒಂದು ಚಿಟಿಕೆ ಉಪ್ಪು ಹಾಕಿದ ನಮ್ಮ ಗಂಜಿಯಲ್ಲಿಯೂ ಈ ಗುಣ ಅಡಗಿದೆ. ಅಕ್ಕಿಯ ಪಿಷ್ಟ ಕರುಳಿನಲ್ಲಿ ಗ್ಲೂಕೋಸೇ ಆಗುತ್ತದೆ. ಗಂಜಿಯನ್ನು ನಾನು ಹೀಗಳೆಯುತ್ತಿಲ್ಲವೆಂದು ವಾಚಕರು ತಿಳಿಯಬೇಕು. ಅದು ನೀರಿನ ಸಾಲವನ್ನು ತೀರಿಸುತ್ತದೆ. ಅನ್ನದ ಸಾಲವನ್ನು ತೀರಿಸುವುದಿಲ್ಲ.

ನಮ್ಮ ಹಿರಿಯರಿಗೆ ಇದು ತಿಳಿದಿರಲಿಲ್ಲವೆ? ತಿಳಿದಿತ್ತು. ಶೋಧನ ಚಿಕಿತ್ಸೆಯಿಂದ ಬಳಲಿದ ರೋಗಿಗೆ ಆಯುರ್ವೇದ ಹೇಳುವ ಕ್ರಮವನ್ನು ನೋಡಿ: ಮೊದಲು ತೆಳುವಾದ ಪೇಯ, ಆಮೇಲೆ ಗಟ್ಟಿಯಾದ ವಿಲೇಪಿ, ಆಮೇಲೆ ಒಗ್ಗರಣೆಯಿಲ್ಲದ ಬೇಳೆಯ ಕಟ್ಟು, ಆಮೇಲೆ ಸ್ನೇಹ, ಲವಣ ಸೇರಿಸಿದ ಕಟ್ಟು, ಒಗ್ಗುವವರಿಗೆ ಮಾಂಸರಸ, ಕೊನೆಗೆ ಎಂದಿನ ಊಟ. ಬಹಳ ಬಳಲಿದವನಿಗೂ ಇಷ್ಟೆಲ್ಲ ಮುಗಿಯಬೇಕಾದುದು ಹನ್ನೆರಡು ಹೊತ್ತಿನಲ್ಲಿ, ಅಂದರೆ ಸುಮಾರು ಒಂದು ವಾರದಲ್ಲಿ. ಇಂದಿನ ಶಸ್ತ್ರಕ್ರಿಯೆಯ ರೋಗಿಗೆ ದಿನಗಳ ಲೆಕ್ಕ ಬೇರೆಯಾಗಬಹುದು. ಅದನ್ನು ವೈದ್ಯರು ಹೇಳಬೇಕು. ಆದರೆ ತತ್ತ್ವ ಒಂದೇ: ಗಂಜಿ ಮೆಟ್ಟಿಲೇ ಹೊರತು ಮನೆಯಲ್ಲ. ನಾವು ಶಾಸ್ತ್ರದ ಮೊದಲ ಮೆಟ್ಟಿಲನ್ನು ಮಾತ್ರ ನೆನಪಿಟ್ಟುಕೊಂಡು ಅಲ್ಲಿಯೇ ರೋಗಿಯನ್ನು ಕೂರಿಸಿಬಿಟ್ಟೆವು.

ಒಂದು ಕಾಲಕ್ಕೆ ನಮ್ಮ ಕಡೆಯವರು ದೊಡ್ಡ ಬೇನೆಯಾದರೆ ಮಿರಜಿಗೆ ಹೋಗುತ್ತಿದ್ದರು. ಅಮೆರಿಕದ ಮಿಶನ್ ವೈದ್ಯ ವಾನ್ಲೆಸ್ 1894ರಲ್ಲಿ ಅಲ್ಲಿ ಆಸ್ಪತ್ರೆ ತೆರೆದಿದ್ದರು. ಈಗ ಬೆಳಗಾವಿ, ಹುಬ್ಬಳ್ಳಿಗಳು ಹತ್ತಿರವಾಗಿವೆ. ಬೆಂಗಳೂರಿನಲ್ಲಿ 1973ರಿಂದ ಕಿದ್ವಾಯಿ ಸಂಸ್ಥೆಯಿದೆ. ಆದರೆ ಎಲ್ಲಿ ಶಸ್ತ್ರಕ್ರಿಯೆಯಾದರೂ ಕೆಲವು ದಿನಗಳಲ್ಲಿ ರೋಗಿ ಮನೆಗೆ ಬರುತ್ತಾನೆ. ಅಲ್ಲಿಂದ ಮುಂದಿನ ವೈದ್ಯ ಅಡಿಗೆ ಮಾಡುವವಳು.

ಅವಳ ಲೆಕ್ಕ ಹೀಗಿದೆ. 50 ಕಿಲೋ ತೂಕದ ರೋಗಿಗೆ ದಿನಕ್ಕೆ 60ರಿಂದ 75 ಗ್ರಾಂ ಪ್ರೋಟೀನು, 1,250ರಿಂದ 1,500 ಕ್ಯಾಲೊರಿ ಬೇಕು. 30 ಗ್ರಾಂ ಅಕ್ಕಿಯ ಒಂದು ಬಟ್ಟಲು ಗಂಜಿಯಲ್ಲಿರುವ ಪ್ರೋಟೀನು 2 ಗ್ರಾಂ, ಕ್ಯಾಲೊರಿ ನೂರರ ಸುಮಾರು. ಆರು ಬಟ್ಟಲು ಕುಡಿಸಿದರೂ ಅರ್ಧ ಹೊಟ್ಟೆಯೇ. ಅದರ ಬದಲು ಅರ್ಧ ಲೀಟರು ಹಾಲು, 60 ಗ್ರಾಂ ಹೆಸರುಬೇಳೆ, ಒಂದು ಬಟ್ಟಲು ಮೊಸರು, ಹಿಡಿಯಷ್ಟು ಶೇಂಗಾವನ್ನು ನುಣ್ಣಗೆ ಅರೆದ ಖಾರವಿಲ್ಲದ ಹಿಂಡಿ, ಹಾಲಿನಲ್ಲಿ ನೆನೆಸಿದ ರೊಟ್ಟಿ, ಮೆತ್ತಗೆ ಬೇಯಿಸಿದ ಜೋಳದ ನುಚ್ಚು ಅಥವಾ ಅನ್ನ ಇವಿಷ್ಟಾದರೆ ಪ್ರೋಟೀನು 60ರ ಹತ್ತಿರ ಮುಟ್ಟುತ್ತದೆ. ತತ್ತಿ ತಿನ್ನುವ ಮನೆಯಾದರೆ ಎರಡು ತತ್ತಿಯಿಂದ ಇನ್ನೂ 12 ಗ್ರಾಂ. ಜಠರ ಚಿಕ್ಕದಾಗಿದೆ, ಬೇಗ ಖಾಲಿಯಾಗುವುದೂ ಇಲ್ಲ. ಆದ್ದರಿಂದ ಮೂರು ಊಟವನ್ನು ಆರಾಗಿ ಒಡೆಯಬೇಕು. ನೀರನ್ನು ಊಟದ ಜೊತೆ ಗಟಗಟನೆ ಕುಡಿಯದೆ ಊಟಗಳ ನಡುವೆ ಗುಟುಕು ಗುಟುಕಾಗಿ ಕುಡಿಯಬೇಕು. ವೈದ್ಯರು ಬೇಡವೆನ್ನದಿದ್ದರೆ ಒಂದೂವರೆ ಎರಡು ಲೀಟರಾದರೂ ಒಳಗೆ ಹೋಗಬೇಕು. ಸವದತ್ತಿ, ರಾಮದುರ್ಗಗಳ ಬೇಸಿಗೆಯಲ್ಲಿ ಇನ್ನೂ ಹೆಚ್ಚು. ಉಪ್ಪು ಹಾಕಿದ ಮಜ್ಜಿಗೆ, ಎಳನೀರು, ಬೇಳೆಯ ಕಟ್ಟು ಎಲ್ಲವೂ ಈ ಲೆಕ್ಕಕ್ಕೆ ಸೇರುತ್ತವೆ. ಗ್ರಂಥಿಯ ಭಾಗ ಹೋದ ಮೇಲೆ ಸಕ್ಕರೆ ಕಾಯಿಲೆ ಬರಬಹುದಾದ್ದರಿಂದ ಬೆಲ್ಲದ ಪಾನಕವನ್ನು ಮಾತ್ರ ರಕ್ತಪರೀಕ್ಷೆ ಮಾಡಿಸದೆ ಕೊಡಬಾರದು. ಮೂತ್ರ ಕಡುಹಳದಿಯಾದರೆ, ಎದ್ದು ನಿಂತಾಗ ತಲೆ ತಿರುಗಿದರೆ ನೀರು ಸಾಲದೆಂದು ಅರ್ಥ. ಒಂದು ದಿನ ಏನೂ ಹೊಟ್ಟೆಯಲ್ಲಿ ನಿಲ್ಲದಿದ್ದರೆ ಆಸ್ಪತ್ರೆಗೆ ಒಯ್ಯಬೇಕು.

ಇಷ್ಟು ತಿಂದರೂ ಕೆಲವರು ಇಳಿಯುತ್ತಲೇ ಹೋಗುತ್ತಾರೆ. ಮಲ ಬಿಳಿಚಿ, ಜಿಡ್ಡಾಗಿ, ನೀರಿನ ಮೇಲೆ ತೇಲುತ್ತದೆ. ತುಪ್ಪ ಅರಗುತ್ತಿಲ್ಲವೆಂದು ಮನೆಯವರು ತುಪ್ಪವನ್ನು ನಿಲ್ಲಿಸುತ್ತಾರೆ, ಹಾಲನ್ನೂ ನಿಲ್ಲಿಸುತ್ತಾರೆ. ತಪ್ಪು ತುಪ್ಪದ್ದಲ್ಲ, ಬೆರ್ನಾರನ ಮೊಲದಲ್ಲಿ ಕಂಡ ಆ ರಸದ ಕೊರತೆ. ಅದಕ್ಕೆ ಮದ್ದುಂಟು. ಆ ರಸದ ಕಿಣ್ವಗಳನ್ನು ತುಂಬಿದ ಗುಳಿಗೆಯನ್ನು ಊಟದ ಮೊದಲ ತುತ್ತಿನೊಡನೆ ನುಂಗಬೇಕು. ಊಟ ದೀರ್ಘವಾದರೆ ನಡುವೆ ಇನ್ನೊಂದು. ಒಂದು ಲೋಟ ಹಾಲಿಗೂ ಬೇಕು. ಬರಿಯ ನೀರಿಗೆ ಬೇಡ. ಅಗಿಯಬಾರದು, ಬಿಸಿ ಚಹದೊಡನೆ ನುಂಗಬಾರದು. ಎಷ್ಟು ಎಂಬುದನ್ನು ವೈದ್ಯರು ಗೊತ್ತುಮಾಡುತ್ತಾರೆ.

ಇಲ್ಲಿ ಒಂದು ತೊಡಕಿದೆ. ಅದನ್ನು ಮುಚ್ಚಿಡುವುದು ಸರಿಯಲ್ಲ. ಈ ಕಿಣ್ವವನ್ನು ಹಂದಿಯ ಗ್ರಂಥಿಯಿಂದ ತೆಗೆಯುತ್ತಾರೆ. ನಮ್ಮ ಬಳಗದ ಹಿರಿಯರೊಬ್ಬರು ಇದನ್ನು ಕೇಳಿ ಗುಳಿಗೆಯನ್ನು ಕೆಳಗಿಟ್ಟುಬಿಟ್ಟರು. “ಲಿಂಗ ಕಟ್ಟಿದ ಮೈ ಇದು. ಇದರಾಗ ಅದನ್ನ ಹ್ಯಾಂಗ ಹಾಕಲಿ?” ಎಂದರು. ಅವರ ಅಕ್ಕ, ಎಂಬತ್ತರ ಮುದುಕಿ, ಹೇಳಿದಳು: “ತಮ್ಮಾ, ಅವ್ವ ಸಕ್ಕರಿ ಬ್ಯಾನಿಗೆ ಅಷ್ಟ ವರ್ಷ ಸೂಜಿ ಚುಚ್ಚಿಸಿಕೊಂಡಳು. ಆ ಔಷಧ ಯಾವುದರಿಂದ ಮಾಡ್ತಾರ ಅಂತ ಯಾರರೆ ಕೇಳಿದ್ರೇನು?” ಅವಳ ಮಾತು ನಿಜ. 1982ರಲ್ಲಿ ಮಾನವ ಇನ್ಸುಲಿನ್ ಬರುವವರೆಗೆ ಆ ಔಷಧವೂ ದನ ಮತ್ತು ಹಂದಿಗಳ ಇದೇ ಗ್ರಂಥಿಯದು. ಹಿರಿಯರು ಎರಡು ದಿನ ಯೋಚಿಸಿ ಗುಳಿಗೆಯನ್ನು ತೆಗೆದುಕೊಂಡರು.

ಈ ಸಂಕಟ ಹೊಸದಲ್ಲ. ರಾಷ್ಟ್ರಕೂಟ ಅಮೋಘವರ್ಷನ ಆಸ್ಥಾನದಲ್ಲಿ ಜೈನ ವೈದ್ಯ ಉಗ್ರಾದಿತ್ಯ ಔಷಧದಲ್ಲಿ ಮಾಂಸ ಬೇಡವೆಂದು ವಾದಿಸಿದ. ಅವನ ‘ಕಲ್ಯಾಣಕಾರಕ’ ಮದ್ಯ, ಮಾಂಸ, ಮಧುಗಳನ್ನು ದೂರವಿಟ್ಟ ವೈದ್ಯಗ್ರಂಥ. ಅದೇ ರಾಷ್ಟ್ರಕೂಟರ ಸಾಮಂತರಾಗಿ ನಮ್ಮ ಸವದತ್ತಿಯಿಂದ, ಆಗಿನ ಸುಗಂಧವರ್ತಿಯಿಂದ, ಆಳಿದ ರಟ್ಟರು ಜೈನ ಬಸದಿಗಳಿಗೆ ದತ್ತಿ ಬಿಟ್ಟರು. ಜೈನರು ಎಣಿಸುವ ನಾಲ್ಕು ದಾನಗಳಲ್ಲಿ ಆಹಾರ ಒಂದು, ಔಷಧ ಇನ್ನೊಂದು, ಅಭಯ ಮತ್ತೊಂದು, ಶಾಸ್ತ್ರ ನಾಲ್ಕನೆಯದು. ಈ ಗುಳಿಗೆಯಲ್ಲಿ ಆಹಾರ, ಔಷಧಗಳು ಒಂದಾಗಿ, ಅಭಯದೊಡನೆ ಜಗಳಕ್ಕೆ ನಿಲ್ಲುತ್ತವೆ. ತೀರ್ಮಾನ ರೋಗಿಯದು. ಆದರೆ ಅದನ್ನು ತೆಗೆದುಕೊಳ್ಳದಿದ್ದರೆ ಏನಾಗುತ್ತದೆಂಬುದು ತಿಳಿದಿದ್ದು ಮಾಡಿದ ತೀರ್ಮಾನವಾಗಿರಬೇಕು. ಅವನಿಗೆ ಹೇಳದೆ ಕೊಡುವುದೂ, ಅವನ ಪರವಾಗಿ ನಾವೇ ಬೇಡವೆನ್ನುವುದೂ ಎರಡೂ ಅನ್ಯಾಯ.

ಈ ಕ್ಯಾನ್ಸರು ಬಂದ ಐವರಲ್ಲಿ ಶಸ್ತ್ರಕ್ರಿಯೆಗೆ ಒದಗುವವನು ಹೆಚ್ಚೆಂದರೆ ಒಬ್ಬ. ಅವನಿಗೂ ಅದರ ನಂತರ ಸಾಮಾನ್ಯವಾಗಿ ಆರು ತಿಂಗಳ ಔಷಧಚಿಕಿತ್ಸೆ ಕಾದಿರುತ್ತದೆ. ಮೈಯಲ್ಲಿ ಶಕ್ತಿಯಿಲ್ಲದವನಿಗೆ ಆ ಚಿಕಿತ್ಸೆಯನ್ನು ಪ್ರಾರಂಭಿಸಲಾಗದೆ ಮುಂದೂಡುತ್ತಾರೆ, ಕೆಲವೊಮ್ಮೆ ಕೈಬಿಡುತ್ತಾರೆ. ತೂಕವೆಂಬುದು ಇಲ್ಲಿ ಅಂದಚೆಂದದ ಮಾತಲ್ಲ, ಆಯುಷ್ಯದ ಮಾತು. ಆದ್ದರಿಂದ ಆಸ್ಪತ್ರೆಯಿಂದ ಹೊರಡುವ ದಿನ ಮನೆಯವರು ಮೂರು ಪ್ರಶ್ನೆಗಳನ್ನು ಕೇಳಿಯೇ ಹೊರಡಬೇಕು: ಗಂಜಿಯಿಂದ ಮುಂದಿನ ಮೆಟ್ಟಿಲಿಗೆ ಯಾವ ದಿನ ಹೋಗೋಣ? ಕಿಣ್ವದ ಗುಳಿಗೆ ಬರೆದಿದ್ದೀರಾ? ವಾರಕ್ಕೊಮ್ಮೆ ತೂಗಿದಾಗ ಎಷ್ಟು ಇಳಿದರೆ ತಿರುಗಿ ಬರಬೇಕು? ಉತ್ತರಗಳನ್ನು ಕಾಗದದ ಮೇಲೆ ಬರೆಸಿಕೊಂಡು ಬಂದು ಅಡಿಗೆಮನೆಯ ಗೋಡೆಗೆ ಅಂಟಿಸುವುದು ಒಳ್ಳೆಯದು.