ರಾಬರ್ಟೊ ಕಾರ್ಲೋಸ್

ರಾಬರ್ಟೊ ಕಾರ್ಲೋಸ್ (ಜನನ: 10 ಏಪ್ರಿಲ್ 1973) ಬ್ರೆಜಿಲ್ ದೇಶದ ನಿವೃತ್ತ ಫುಟ್‌ಬಾಲ್ ಆಟಗಾರ. ಲೆಫ್ಟ್ ಬ್ಯಾಕ್ ಸ್ಥಾನದ ರಕ್ಷಣಾ ಆಟಗಾರರಾಗಿದ್ದರೂ ಆಕ್ರಮಣಕಾರಿ ಆಟಕ್ಕೆ ಹೆಸರಾದವರು.

ವೃತ್ತಿಜೀವನ

1995ರಲ್ಲಿ ಇಟಲಿಯ ಇಂಟರ್ ಮಿಲಾನ್ ತಂಡವನ್ನು ಸೇರಿದರು. ಅಲ್ಲಿ ತಮ್ಮನ್ನು ಮುಂದಿನ ಸಾಲಿನಲ್ಲಿ ಆಡಿಸಿದ್ದು ಒಪ್ಪಿಗೆಯಾಗದೆ, ಮರುವರ್ಷ ಸ್ಪೇನಿನ ರಿಯಲ್ ಮ್ಯಾಡ್ರಿಡ್‌ಗೆ ತೆರಳಿದರು. ಆ ತಂಡದೊಂದಿಗೆ 4 ಲಾ ಲಿಗಾ ಹಾಗೂ 3 ಚಾಂಪಿಯನ್ಸ್ ಲೀಗ್ ಪ್ರಶಸ್ತಿಗಳನ್ನು ಗೆದ್ದರು. 1997ರಲ್ಲಿ ಫ್ರಾನ್ಸ್ ವಿರುದ್ಧ ಇವರು ಹೊಡೆದ ಫ್ರೀ ಕಿಕ್, ಆಟಗಾರರ ಗೋಡೆಯನ್ನು ಬಳಸಿ ಬಾಗಿ ಗೋಲು ಸೇರಿದ್ದು ಪ್ರಸಿದ್ಧವಾಗಿದೆ.

2002ರ ವಿಶ್ವಕಪ್ ವಿಜೇತ ತಂಡದಲ್ಲಿದ್ದರು. 2006ರ ಕ್ವಾರ್ಟರ್ ಫೈನಲ್‌ನಲ್ಲಿ ಫ್ರಾನ್ಸಿನ ಥಿಯೆರಿ ಹೆನ್ರಿ ಗೋಲು ಹೊಡೆದಾಗ ಅವರನ್ನು ತಡೆಯದೆ ಬಾಗಿ ನಿಂತಿದ್ದರೆಂಬ ಟೀಕೆಗೆ ಗುರಿಯಾದರು. ಬ್ರೆಜಿಲ್ ಪರ ಇವರ ಕೊನೆಯ ಪಂದ್ಯ ಅದೇ ಆಯಿತು. 2015ರಲ್ಲಿ ಇಂಡಿಯನ್ ಸೂಪರ್ ಲೀಗ್‌ನ ಡೆಲ್ಲಿ ಡೈನಮೋಸ್ ತಂಡಕ್ಕೆ ಆಟಗಾರ ಹಾಗೂ ತರಬೇತುದಾರರಾಗಿ ಬಂದು, ಅದನ್ನು ಸೆಮಿಫೈನಲ್‌ಗೆ ಕೊಂಡೊಯ್ದರು.